ತಟ್ಟೆ ತೊಳೆದ ನೀರು

ಅರಿಶಿನ ಕೀಳುವ ಕಾಲ. ಶಿವರಾತ್ರಿಗೆ ಇನ್ನೂ ಹನ್ನೆರಡು ದಿನ ಇತ್ತು. ಮಂಗಳವಾರ, ಮಧ್ಯಾಹ್ನ ಒಂದೂವರೆ ಗಂಟೆ. ತೆರಕಣಾಂಬಿ ಕಡೆಯಿಂದ ಗುಂಡ್ಲುಪೇಟೆಗೆ ಹೋಗುವ ಬಸ್ಸು ಆಗಷ್ಟೇ ನಮ್ಮೂರ ಗೇಟಿನಲ್ಲಿ ಜನ ಇಳಿಸಿ ಹೋಗಿತ್ತು. ನಾನು ಗಂಗಾಧರಸ್ವಾಮಿಯ ಟೀ ಹೋಟ್ಲಿನ ಹಿತ್ತಲಲ್ಲಿ ಸೌದೆ ಸೀಳುತ್ತಿದ್ದೆ.

ಹೋಟ್ಲು ದೊಡ್ಡದೇನಲ್ಲ. ರಸ್ತೆಗೆ ಮುಖ ಮಾಡಿದ ಶೀಟಿನ ಮನೆ. ಮುಂದೆ ಟೀ ಒಲೆ, ಐದು ಬೆಂಚು. ಬೆಳಗ್ಗೆ ಟೀ, ಬೋಂಡ. ಮಧ್ಯಾಹ್ನ ಹಿಟ್ಟು, ಸಾರು, ಅನ್ನ. ಹಿಟ್ಟು ಅಂದರೆ ನಮ್ಮ ಕಡೆ ರಾಗಿ ಮುದ್ದೆ. ತೋಟದ ಯಜಮಾನರು, ಬಾಳೆಕಾಯಿ ವ್ಯಾಪಾರದವರು, ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ಕಾರಿನವರು ಅಲ್ಲೇ ಉಣ್ಣುತ್ತಿದ್ದರು. ನಮ್ಮ ಕೇರಿಯ ಕೂಲಿಯವರಿಗೆ ಹುಣಸೆ ಮರದ ಬುಡ. ಪೇಪರ್ ಲೋಟದಲ್ಲಿ ಟೀ. ಊಟ ಬೇಕೆಂದರೆ ಕವರಿನಲ್ಲಿ ಕಟ್ಟಿಕೊಡುತ್ತಿದ್ದರು. ಅದಕ್ಕೆ ಕಾರಣ ಅವರು ಹೇಳುತ್ತಿರಲಿಲ್ಲ. ನಾವು ಕೇಳುತ್ತಿರಲಿಲ್ಲ.

ಹಿಂದಿನ ಅಡುಗೆ ಕೋಣೆಯಲ್ಲಿ ನನ್ನ ತಂಗಿ ಮೂಗಮ್ಮ ಇದ್ದಳು. ಗಂಡ ಕಲ್ಲು ಕ್ವಾರಿಯಲ್ಲಿ ಸತ್ತ ಮೇಲೆ ನನ್ನ ಮನೆಗೇ ಬಂದಿದ್ದಳು. ಅವಳು ಪಾತ್ರೆ ತೊಳೆಯುವವಳು ಅಂತ ಊರಿಗೆ ಗೊತ್ತು. ಹೊರಗಿನ ಕಲ್ಲಿನ ಮೇಲೆ ತೊಳೆದು ಬೋರಲು ಹಾಕಬೇಕು. ಗಂಗಾಧರಸ್ವಾಮಿಯ ಹೆಂಡತಿ ಗುರುಮಲ್ಲಮ್ಮ ಅದರ ಮೇಲೆ ಒಂದು ಬಿಂದಿಗೆ ನೀರು ಸುರಿದು ಒಳಗೆ ತೆಗೆದುಕೊಳ್ಳಬೇಕು. ಹಾಗೆ ಶುರುವಾದ ಕೆಲಸ ಅದು.

ಕೊರೊನಾ ಮುಗಿದು ಹೋಟ್ಲು ಮತ್ತೆ ತೆರೆದ ವರ್ಷ ಗುರುಮಲ್ಲಮ್ಮನ ಬಲಗೈ ಮಣಿಕಟ್ಟು ಹಿಡಿದುಕೊಂಡಿತು. ಲೋಟ ಎತ್ತುವುದಕ್ಕೂ ಆಗದು. ಅರವತ್ತು ಜನಕ್ಕೆ ಹಿಟ್ಟು ತಿರುವುವುದು ಹೇಗೆ? ಮೊದಲು ಮೂಗಮ್ಮ ಖಾರ ಅರೆದಳು. ಆಮೇಲೆ ಕಾಳು ಬೇಯಿಸಿದಳು. ತಿಂಗಳು ತುಂಬುವುದರೊಳಗೆ ಹಿಟ್ಟು, ಸಾರು, ಪಲ್ಯ ಎಲ್ಲ ಅವಳ ಕೈಗೇ ಬಂತು. ಗುರುಮಲ್ಲಮ್ಮ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ನಡುಬಾಗಿಲಲ್ಲಿ ನಿಂತಿರುತ್ತಿದ್ದಳು. ಎಡಗೈಯಲ್ಲಿ ಪಾತ್ರೆಯನ್ನು ಮುಂದಕ್ಕೆ ದಾಟಿಸುತ್ತಿದ್ದಳು. ಉಣ್ಣುವವರು ಅವಳನ್ನು ಹೊಗಳುತ್ತಿದ್ದರು.

“ಯಾರ್ಗೂ ಯೋಳ್ಬ್ಯಾಡ ಕಣಮ್ಮಿ ಮೂಗಿ. ನಂಗೂ ಕಷ್ಟ, ನಿಂಗೂ ಕಷ್ಟ” ಅಂದಿದ್ದಳು ಗುರುಮಲ್ಲಮ್ಮ.

ಮೂಗಮ್ಮ ಯಾರಿಗೂ ಹೇಳಲಿಲ್ಲ. ಬೆಳಗ್ಗೆ ಆರಕ್ಕೆ ಒಲೆ ಮುಂದೆ ಕೂತರೆ ಮಧ್ಯಾಹ್ನ ಮೂರಕ್ಕೆ ಏಳುವುದು. ಹಿಟ್ಟಿನ ಪಾತ್ರೆ ಅವಳ ಸೊಂಟದೆತ್ತರ. ಪಾತ್ರೆಯ ಕಂಠಕ್ಕೆ ಕವಲಿರುವ ಕವೆಗೋಲು ಕೊಟ್ಟು, ಅದನ್ನು ಕಾಲಲ್ಲಿ ಒತ್ತಿ ಹಿಡಿದು, ಹಿಟ್ಟಿನ ಕೋಲನ್ನು ಎರಡೂ ಕೈಯಲ್ಲಿ ತಿರುವಬೇಕು. ಮೈಯ ಭಾರವೆಲ್ಲ ಕೋಲಿನ ಮೇಲೆ. ದಿನಕ್ಕೆ ನಾಲ್ಕು ಸಲ. ಹಿಟ್ಟು ಸಿಡಿದು ಮೊಳಕೈವರೆಗೆ ಸುಟ್ಟ ಕಲೆ. ಅಂಗೈ ಒಣಗಿದ ಚರ್ಮದ ಹಾಗೆ. ಬೇಯುವ ಹಿಟ್ಟನ್ನು ಬರಿಗೈಯಲ್ಲಿ ಮುದ್ದೆ ಕಟ್ಟುತ್ತಿದ್ದಳು. ಎಲ್ಲರ ಊಟ ಮುಗಿದ ಮೇಲೆ ಸೌದೆ ರಾಶಿಯ ಹಿಂದೆ ನಾನೂ ಅವಳೂ ಕೂತು ತಳ ಉಣ್ಣುತ್ತಿದ್ದೆವು.

ಆ ಮಂಗಳವಾರ ಗುರುಮಲ್ಲಮ್ಮ ಇರಲಿಲ್ಲ. ಮಗಳ ಸೀಮಂತಕ್ಕೆ ಚಾಮರಾಜನಗರಕ್ಕೆ ಹೋಗಿದ್ದಳು. ಗಂಗಾಧರಸ್ವಾಮಿಯೇ ಓಡಾಡಿ ಬಡಿಸುತ್ತಿದ್ದ. ಕರೆಂಟು ಹೋಗಿತ್ತು. ಮುಂದಿನ ಡ್ರಮ್ಮಿನಲ್ಲಿ ನೀರು ಮುಗಿದಿತ್ತು.

ಪುಟ್ಟಮಲ್ಲಪ್ಪನ ಊಟ ಆಯಿತು. ಎಪ್ಪತ್ತೈದು ದಾಟಿದ ಯಜಮಾನ. ರಸ್ತೆ ಪಕ್ಕದಲ್ಲೇ ಅವನ ಅರಿಶಿನದ ತೋಟ. ದಿನಾ ಅಲ್ಲೇ ಉಣ್ಣುತ್ತಿದ್ದ. ಲಿಂಗ ಕಟ್ಟಿದ ಹಿರಿಯರಲ್ಲಿ ಒಂದು ಪದ್ಧತಿ ಇದೆ. ಊಟ ಅವರಿಗೆ ಪ್ರಸಾದ. ಒಂದು ಅಗುಳನ್ನೂ ಬಿಡುವುದಿಲ್ಲ. ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ, ತೊಳೆದ ನೀರನ್ನು ಕುಡಿಯುತ್ತಾರೆ. ಚೆಲ್ಲಿದರೆ ಪಾಪ. ಈಗಿನ ಹುಡುಗರು ಅದನ್ನು ಬಿಟ್ಟಿದ್ದಾರೆ. ಪುಟ್ಟಮಲ್ಲಪ್ಪ ಬಿಟ್ಟಿರಲಿಲ್ಲ.

“ಗಂಗಾಧರಾ, ನೀರ್ ಕೊಡ್ಲಾ.”

“ಕ್ಯಾನ್ ನೀರು ಬತ್ತಾದೆ, ಒಸಿ ತಡ್ಕಳಿ ಅಪ್ಪಾಜಿ.”

ಅವನಿಗೆ ತಡೆಯಲಾಗಲಿಲ್ಲ. ಎಂಜಲು ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಪಕ್ಕದ ಸಂದಿಯಲ್ಲಿ ಹಿತ್ತಲಿಗೆ ಬಂದ. ಅಡುಗೆ ಕೋಣೆಯ ಬಾಗಿಲಲ್ಲಿ ನಿಂತ. ಒಳಗೆ ಹೊಗೆ. ಮೂಗಮ್ಮ ಬಗ್ಗಿ ಕೊನೆಯ ಪಾತ್ರೆ ತಿರುವುತ್ತಿದ್ದಳು.

“ನೀರ್ ಬುಡವ್ವ ಒಸಿ” ಅಂದು ತಟ್ಟೆ ಚಾಚಿದ. ಮುಖ ನೋಡಲಿಲ್ಲ.

ಅವಳು ಚೊಂಬು ಕೆಳಗಿಟ್ಟು ದೂರ ಸರಿಯಬೇಕಿತ್ತು. ಅದು ನಮಗೆ ಹುಟ್ಟಿನಿಂದ ಬಂದದ್ದು. ಆದರೆ ಬಿಸಿ ಹಿಟ್ಟು ಕಾಯುತ್ತಿತ್ತು, ಮೈಯೆಲ್ಲ ಬೆವರು. ಚೊಂಬೆತ್ತಿ ತಟ್ಟೆಗೆ ನೀರು ಬಿಟ್ಟಳು. ಅವನು ಬೆರಳಾಡಿಸಿದ. ಬಾಯಿಗೆ ಎತ್ತಿದ. ಎತ್ತುವಾಗ ಅವಳ ಕೈ ಕಂಡಿತು. ಮೊಳಕೈವರೆಗೆ ಹಿಟ್ಟು ಮೆತ್ತಿದ ಕೈ. ಕಣ್ಣು ನೋಡಿತು, ಬಾಯಿ ನಿಲ್ಲಲಿಲ್ಲ. ಎಪ್ಪತ್ತು ವರ್ಷದ ಅಭ್ಯಾಸ. ನೀರು ಗಂಟಲಲ್ಲಿ ಇಳಿದದ್ದನ್ನು ನಾನು ಹತ್ತು ಅಡಿ ದೂರದಿಂದ ನೋಡಿದೆ. ಒಂದು ಹನಿ ಉಳಿಸಲಿಲ್ಲ.

“ಹಿಟ್ ತಿರುವುದ್ದು ಯಾರು?”

“ನಾನೇಯ ಬುದ್ದಿ.”

“ಸಾರು?”

“ನಾನೇಯ.”

“ಇವತ್ ಮಾತ್ರವಾ?”

ಮೂಗಮ್ಮನ ಮುಖ ಅರಳಿತು. ನಾಲ್ಕು ವರ್ಷದಲ್ಲಿ ಅವಳ ಅಡುಗೆಯ ಬಗ್ಗೆ ಅವಳನ್ನೇ ಕೇಳಿದವರು ಯಾರೂ ಇರಲಿಲ್ಲ. ಯಜಮಾನ ಹೊಗಳುವುದಕ್ಕೆ ಕೇಳುತ್ತಿದ್ದಾನೆ ಅಂದುಕೊಂಡಳು. ಅದೇ ಅವಳು ಮಾಡಿದ ತಪ್ಪು. ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು.

“ಕೊರೊನಾ ಮುಗ್ದಾಗಿಂದ್ಲೂ ನಾನೇ ಮಾಡ್ತಾ ಇವ್ನಿ ಬುದ್ದಿ. ಉಪ್ಸಾರು ಚೆಂದಾಗಿತ್ತಾ?”

ಅವನು ತಟ್ಟೆ ಬಿಟ್ಟುಬಿಟ್ಟ. ಕೂಗಾಡಲಿಲ್ಲ. ಬಂದ ಸಂದಿಯಲ್ಲೇ ಮುಂದಕ್ಕೆ ಹೋದ. ಅಲ್ಲಿ ಒಂದೇ ಮಾತು ಹೇಳಿದ. ಬೆಂಚುಗಳು ಒಂದೇ ಸಲ ಸರಿದ ಸದ್ದು ಕೇಳಿತು.

ಇಬ್ಬರು ರಸ್ತೆ ಬದಿಗೆ ಓಡಿ ಗಂಟಲಿಗೆ ಬೆರಳು ಹಾಕಿ ಕಕ್ಕಿದರು. ನಾಲ್ಕು ವರ್ಷ ಉಂಡದ್ದು ಒಂದು ಬೆರಳಿಗೆ ಬರುತ್ತದೆಯೇ? ರಕ್ತ ಆಗಿತ್ತು, ಮೂಳೆ ಆಗಿತ್ತು. ಉಳಿದವರು ಹಿತ್ತಲಿಗೆ ನುಗ್ಗಿದರು. ಮುಂದೆ ಪುಟ್ಟಮಲ್ಲಪ್ಪನ ತಮ್ಮನ ಮಗ ಸೋಮೇಶ. ಟ್ರ್ಯಾಕ್ಟರ್ ಇಟ್ಟುಕೊಂಡವನು. ಮೂವತ್ತೈದು ವರ್ಷದ ಕೋಣದಂಥ ಆಳು. ಅವನ ಮೀಸೆಯಲ್ಲಿ ಇನ್ನೂ ಸಾರು ಇತ್ತು.

ಆದರೆ ಮೊದಲು ಹೊಡೆದವನು ಸೋಮೇಶ ಅಲ್ಲ. ಗಂಗಾಧರಸ್ವಾಮಿ. “ಯಾರಮ್ಮಿ ನಿಂಗೆ ಒಲೆ ಮುಟ್ಟು ಅಂದೋರು? ನಮ್ಮವ್ಳು ಮಾಡಿಟ್ ಓಗಿದ್ದಲ್ವಾ ಅಡ್ಗೆಯ?” ಅಂದು ಅವಳ ಕಪಾಳಕ್ಕೆ ಬಿಟ್ಟ. ಬೆಳಗ್ಗೆ ಅವನೇ ಅವಳಿಗೆ ರಾಗಿಹಿಟ್ಟು ಅಳೆದುಕೊಟ್ಟಿದ್ದ. ಎಲ್ಲರೂ ನೋಡಲಿ ಅಂತ ಎರಡನೇ ಏಟನ್ನೂ ಕೊಟ್ಟ.

“ಬುದ್ದಿ, ನೀವೇ ಅಲ್ವಾ…” ಅಂದಳು ಮೂಗಮ್ಮ. ಮಾತು ಮುಗಿಯಲಿಲ್ಲ. ಸೋಮೇಶ ಅವಳ ತುರುಬು ಹಿಡಿದ. ನಮ್ಮ ಜಾತಿಯ ಹೆಸರನ್ನು ಎಂಜಲು ಉಗುಳಿದಂತೆ ಉಗುಳಿದ.

“ನಮ್ ಮನೆತನವೆಲ್ಲ ಕೆಡಿಸ್ಬುಟ್ಯಲ್ಲಮ್ಮಿ. ತಿನ್ನು ಈಗ. ನಿನ್ ಹಿಟ್ಟ ನೀನೇ ತಿನ್ನು.”

ಅವಳ ಮುಖವನ್ನು ಪಾತ್ರೆಗೆ ಅದುಮಿದ. ಕುದಿಯುವ ಹಿಟ್ಟು. ಅವಳು ಎರಡೂ ಕೈಯಲ್ಲಿ ಪಾತ್ರೆಯ ಕಂಠ ಹಿಡಿದು ಕತ್ತು ಗಟ್ಟಿ ಮಾಡಿದಳು. ಹಿಟ್ಟು ತಿರುವಿದ ತೋಳು ಅದು. ಅವನ ಕೈಗೆ ಬಗ್ಗಲಿಲ್ಲ. ಗದ್ದ ಮಾತ್ರ ಸುಟ್ಟಿತು. ಬಗ್ಗದ್ದಕ್ಕೇ ಅವನ ಸಿಟ್ಟು ಹೆಚ್ಚಾಯಿತು. ಅವಳನ್ನು ನೆಲಕ್ಕೆ ತಳ್ಳಿ, ಪಕ್ಕದ ಒಲೆಯ ಮೇಲಿದ್ದ ಸಾರಿನ ಪಾತ್ರೆಯನ್ನು ಕಾಲಿನಿಂದ ಒದ್ದ. ಸಾರು ಅವಳ ತೊಡೆಯಿಂದ ಪಾದದವರೆಗೆ ಬಿತ್ತು. ಸೀರೆ ಕಾಲಿಗೆ ಅಂಟಿಕೊಂಡಿತು. ಅವಳು ಎಳೆದುಕೊಂಡಳು. ಸೀರೆಯ ಜೊತೆ ತೊಗಲೂ ಬಂತು.

ನನಗೆ ಅರವತ್ತೆಂಟು ವರ್ಷ. ಅಷ್ಟು ವರ್ಷದಲ್ಲಿ ಈ ಕೈ ಸೌದೆಯನ್ನು ಬಿಟ್ಟು ಬೇರೆ ಯಾವುದನ್ನೂ ಹೊಡೆದಿರಲಿಲ್ಲ. ನಮ್ಮಪ್ಪನನ್ನು ಕಂಬಕ್ಕೆ ಕಟ್ಟಿ ಹೊಡೆದಾಗ ನಾನು ಪಕ್ಕದಲ್ಲಿ ನಿಂತು ಅತ್ತಿದ್ದೆ. ಅಣ್ಣನ ಮದುವೆಯ ಮೆರವಣಿಗೆಯನ್ನು ದೊಡ್ಡ ಬೀದಿಯಿಂದ ತಿರುಗಿಸಿ ಕಳಿಸಿದಾಗ ತಿರುಗಿ ಬಂದಿದ್ದೆ. ಯಾವುದನ್ನೂ ಮರೆತಿಲ್ಲ.

ಕೊಡಲಿ ಕೈಯಲ್ಲೇ ಇತ್ತು. ಅಲಗನ್ನು ಹಿಂದಕ್ಕೆ ತಿರುಗಿಸಿಕೊಂಡೆ. ಆಮೇಲೆ ಜನ ಅದನ್ನು ದಯೆ ಅಂದರು. ದಯೆ ಅಲ್ಲ. ಅಲಗು ಕಚ್ಚಿಕೊಳ್ಳುತ್ತದೆ, ಎರಡನೇ ಏಟು ತಡವಾಗುತ್ತದೆ. ಸೌದೆ ಸೀಳುವವರಿಗೆ ಗೊತ್ತು. ಕೊಡಲಿಯ ಹಿಂಬದಿಯನ್ನು ಸೋಮೇಶನ ಬಲ ಮಂಡಿಗೆ ಬಿಟ್ಟೆ. ಒಣಗಿದ ತುಗ್ಗಲಿ ಮರದ ಕೊಂಬೆ ಮುರಿದ ಸದ್ದು ಬಂತು. ಅವನು ಸಾರಿನ ಮೇಲೇ ಬಿದ್ದ. ಎರಡನೇ ಏಟು ಅವನ ಮುಂಗೈಗೆ. ಮೂರನೆಯದು ಎತ್ತುವುದರೊಳಗೆ ಐದಾರು ಜನ ನನ್ನ ಮೇಲೆ ಬಿದ್ದರು. ಸೀಳಿದ ಸೌದೆಯಿಂದಲೇ ಹೊಡೆದರು. ನಾನು ಸೀಳಿದ್ದು, ಅಂಚು ಚೂಪಾಗಿತ್ತು. ಎರಡು ಪಕ್ಕೆಲುಬು ಮುರಿದವು, ಮೂರು ಹಲ್ಲು ಹೋದವು.

ಗೇಟಿನಲ್ಲಿ ಅಪ್ಸರ್ ಪಾಷಾ ತನ್ನ ಗೂಡ್ಸ್ ಆಟೋಗೆ ಬಾಳೆಗೊನೆ ತುಂಬಿಸುತ್ತಿದ್ದ. ಗುಂಡ್ಲುಪೇಟೆಯವನು. ಮೂಗಮ್ಮನ ಕೂಗು ಕೇಳಿ ಬಂದ. ಸುತ್ತ ನಿಂತವರಲ್ಲಿ ಒಬ್ಬರೂ ಅವಳನ್ನು ಎತ್ತುವುದಕ್ಕೆ ಮುಟ್ಟಿರಲಿಲ್ಲ.

“ಏನ್ರೀ ನೋಡ್ತಾ ನಿಂತಿದ್ದೀರಾ? ಹೆಂಗಸು ಬೇಯ್ತಾ ಅವ್ಳೆ” ಅಂದ. ಯಾರೂ ಅಲ್ಲಾಡಲಿಲ್ಲ. ಗೊನೆಗಳನ್ನು ರಸ್ತೆಗೆ ಇಳಿಸಿ, ಆಟೋದಲ್ಲಿ ಬಾಳೆಎಲೆ ಹಾಸಿ, ಅವಳನ್ನು ಎತ್ತಿ ಮಲಗಿಸಿದ. ನನ್ನನ್ನೂ ಹತ್ತಿಸಿಕೊಂಡ. ಚಾಮರಾಜನಗರದ ಆಸ್ಪತ್ರೆ ತಲುಪುವವರೆಗೆ ಮೂಗಮ್ಮ ಒಂದೇ ಮಾತು ಹೇಳುತ್ತಿದ್ದಳು. “ಚೆಂದಾಗಿತ್ತಾ ಅಂತ ಕೇಳ್ದೆ ಅಷ್ಟೇಯ. ಅಷ್ಟೇಯ ಕಣಣ್ಣ.”

ಮೂರನೇ ದಿನ ಆಸ್ಪತ್ರೆಗೆ ನೀಲಕಂಠಸ್ವಾಮಿ ಬಂದ. ಹಿಂದೆ ಪಂಚಾಯಿತಿ ಅಧ್ಯಕ್ಷ ಆಗಿದ್ದವನು. ಊರಿನ ರಾಜಿಗಳೆಲ್ಲ ಅವನದೇ. ಒಂದು ಡಜನ್ ಪಚ್ಚಬಾಳೆ ತಂದಿದ್ದ. ಅದನ್ನು ಮಂಚದ ಮೇಲೆ ಇಡಲಿಲ್ಲ, ಕೆಳಗಿಟ್ಟ.

“ಮಸಣಯ್ಯ, ಆದದ್ ಆಗೋಯ್ತು. ಬೆಳೆಸೋದ್ ಬ್ಯಾಡ. ಪೊಲೀಸ್ನೋರಿಗೂ ತಡೀರಿ ಅಂದಿವ್ನಿ. ನಿನ್ ತಂಗಿ ಪಾತ್ರೆ ತೊಳೆವಾಗ ಜಾರ್ಬಿದ್ಲು. ಸೋಮೇಶ ಟ್ರ್ಯಾಕ್ಟರಿಂದ ಬಿದ್ದ. ಎಲ್ಡೂ ಕಡೆ ಕೇಸಿಲ್ಲ. ಮುಗೀತು.”

ಅವನು ಮೂಗಮ್ಮನ ಕಡೆ ಕೈ ತೋರಿಸಿದ.

“ಇನ್ನೊಂದದೆ. ಇವ್ಳು ವಾಸಿ ಆದ್ಮೇಲೆ ಹೋಟ್ಲು ಮುಂದೆ ಹತ್ ಜನದ್ ಎದ್ರು ಒಂದ್ ಮಾತ್ ಯೋಳ್ಬೇಕು. ನಾನು ಪಾತ್ರೆ ತೊಳೀತಿದ್ದೆ ಅಷ್ಟೇಯ, ಅಡ್ಗೆ ಮಾಡ್ಲಿಲ್ಲ, ಅಂತ.”

“ಮಾಡಿವ್ನಲ್ವಾ ಬುದ್ದಿ” ಅಂದಳು ಮೂಗಮ್ಮ. ಗದ್ದದ ಗಾಯದಿಂದ ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ.

“ಮಾಡಿದ್ರೂ ಮಾಡಿಲ್ಲ ಅನ್ನು. ಅದ್ರಾಗೆ ನಿಂದೇನ್ ಓಯ್ತದೆ? ನಮ್ದು ನೋಡು. ನಾಕ್ ವರ್ಷ ಇಡೀ ಊರು ಉಂಡದೆ. ಐನೋರು ಉಂಡವ್ರೆ. ನೆಂಟ್ರಿಷ್ಟ್ರಿಗೆ ತಿಳುದ್ರೆ ನಾಳೆ ಹೆಣ್ ಕೊಡೋರು ಯಾರು, ತರೋರು ಯಾರು? ಕೇಸಾದ್ರೆ ಕಾಗ್ದದ್ ಮೇಲೆ ಬತ್ತದೆ. ಕಾಗ್ದಕ್ ಬಂದ್ಮೇಲೆ ಯಾವ್ ನೀರಾಕುದ್ರೂ ಓಗಕಿಲ್ಲ.”

ಆಮೇಲೆ ನನ್ನ ಕಡೆ ತಿರುಗಿದ. ದನಿ ಇಳಿಸಿದ.

“ಇಲ್ಲಾ ಅಂದ್ರೆ ನಿನ್ ಮೇಲೆ ಅರ್ಧ ಕೊಲೆ ಕೇಸು ಕಣ್ಲಾ. ಕೊಡ್ಲೀಲಿ ಹೊಡ್ದಿದ್ದೀಯ. ಈ ವಯಸ್ನಾಗೆ ಒಳಗೋದ್ರೆ ಹೆಣವಾಗೇ ಬತ್ತೀಯ.”

ಅವನು ಹೋದ ಮೇಲೆ ಗಂಜಿ ತಂದ ಪಾಷಾ ಬಾಗಿಲಲ್ಲೇ ನಿಂತ.

“ಅಣ್ಣ, ನೀ ಏನಂತೀಯ?” ಅಂತ ಮೂಗಮ್ಮ ನನ್ನನ್ನು ಕೇಳಿದಳು.

“ನೀ ಮಾಡ್ಲಿಲ್ವ?”

“ಮಾಡಿವ್ನಿ.”

“ಮತ್ತೆ?”

“ನಿನ್ನ ಜೈಲ್ಗೆ ಹಾಕ್ತಾರೆ ಕಣಣ್ಣ.”

“ಅಲ್ಲೂ ಹಿಟ್ ಕೊಟ್ಟಾರು. ನಿನ್ ಕೈ ಹಿಟ್ಟಿನಷ್ಟ್ ಚೆಂದಾಗಿರಾಕಿಲ್ಲ. ಗಂಟು ಗಂಟು.”

ಅವಳು ನಗಲು ಹೋದಳು. ಗದ್ದ ಬಿರಿದು ರಕ್ತ ಬಂತು.

ಶಿವರಾತ್ರಿ ಕಳೆದ ಮೂರನೇ ದಿನ, ಬುಧವಾರ, ಹೋಟ್ಲು ಮುಂದೆ ಸೇರಿದರು. ಹೋಟ್ಲಿಗೆ ಸುಣ್ಣ ಬಳಿದಿದ್ದರು. ಒಲೆ ಒಡೆದು ಹೊಸ ಒಲೆ ಹಾಕಿದ್ದರು. ಯಜಮಾನರು ಬೆಂಚಿನ ಮೇಲೆ. ನಮ್ಮ ಕೇರಿಯವರು ಹುಣಸೆ ಮರದ ಕೆಳಗೆ, ನೆಲದ ಮೇಲೆ. ಮೂಗಮ್ಮನನ್ನು ಪಾಷಾನ ಆಟೋದಲ್ಲೇ ಕರೆತಂದಿದ್ದೆವು. ಕಾಲಿಗೆ ಪಟ್ಟಿ, ಇಳಿಯುವುದಕ್ಕೆ ಆಗದು. ಆಟೋದ ಹಿಂದೆ ಗೋಣಿಚೀಲದ ಮೇಲೆ ಕಾಲು ಚಾಚಿ ಕೂತಿದ್ದಳು. ಅದರಿಂದ ಅವಳು ಎಲ್ಲರಿಗಿಂತ ಎತ್ತರದಲ್ಲಿದ್ದಳು. ಕೆಳಗಿಳಿಸಿ ಅಂತ ಒಬ್ಬ ಅಂದ. ಎತ್ತಿ ಇಳಿಸುವವರು ಯಾರು ಅಂತ ಪಾಷಾ ಕೇಳಿದ.

ಸೋಮೇಶ ಕಾಲಿಗೂ ಕೈಗೂ ಪ್ಲಾಸ್ಟರ್ ಹಾಕಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಅವನ ತಮ್ಮ ಪ್ರದೀಪ ಹಿಂದೆ ನಿಂತಿದ್ದ.

ನೀಲಕಂಠಸ್ವಾಮಿ ಮೊದಲು ಪುಟ್ಟಮಲ್ಲಪ್ಪನನ್ನು ಕೇಳಿದ. “ಅಪ್ಪಾಜಿ, ಅವತ್ತು ನೀವು ಆ ನೀರ ಕುಡುದ್ರಾ?”

ಪುಟ್ಟಮಲ್ಲಪ್ಪ ನೆಲ ನೋಡಿದ. “ಇಲ್ಲ. ಚೆಲ್ಬುಟ್ಟೆ.”

ನಾನು ನೋಡಿದ್ದೆ. ಕುಡಿದಿದ್ದ. ಪ್ರಸಾದ ಚೆಲ್ಲಿದರೆ ನರಕ ಅಂತ ಹುಡುಗರಿಗೆ ಬುದ್ಧಿ ಹೇಳುತ್ತಿದ್ದ ಮನುಷ್ಯ. ನಮ್ಮ ಕೈಯ ನೀರು ಕುಡಿದೆ ಅನ್ನುವುದಕ್ಕಿಂತ ನರಕವೇ ಅವನಿಗೆ ಮೇಲಾಯಿತು.

ಆಮೇಲೆ ಗುರುಮಲ್ಲಮ್ಮನನ್ನು ಕೇಳಿದರು. “ಅಡ್ಗೆ ಯಾರ್ ಮಾಡ್ತಿದ್ದುದ್ದು?”

“ನಾನೇಯ” ಅಂದಳು. ಬಲಗೈ ಸೆರಗಿನೊಳಗಿತ್ತು. ಮೂಗಮ್ಮನ ಕಡೆ ಕಣ್ಣೆತ್ತಲಿಲ್ಲ.

“ಈಗ ನೀ ಯೋಳಮ್ಮಿ. ಬೇಗ ಯೋಳ್ಬುಡು, ಎಲ್ರೂ ಮನೆಗೋಗನ” ಅಂದ ನೀಲಕಂಠಸ್ವಾಮಿ.

ಮೂಗಮ್ಮ ನನ್ನನ್ನು ನೋಡಿದಳು.

“ಅವ್ವಾರೆ ಮಾಡ್ತಿದ್ರು ಅಂದ್ರಲ್ಲ” ಅಂದಳು. ದನಿ ದೊಡ್ಡದಿರಲಿಲ್ಲ. ಆದರೆ ಎಲ್ಲರಿಗೂ ಕೇಳಿತು. “ಹೊಸ ಒಲೆ ಅದೆ. ಪಾತ್ರೆ ಅದೆ. ಕೋಲದೆ. ಈಗ್ಲೇ ಒಂದೇ ಒಂದ್ ಪಾತ್ರೆ ಹಿಟ್ ತಿರುವ್ಲಿ. ಎಲ್ರೂ ನೋಡನ. ಅವ್ರು ತಿರುವ್ಬುಟ್ರೆ ನಾನು ಪಾತ್ರೆ ತೊಳೆಯೋಳು.”

ಯಾರೂ ಏಳಲಿಲ್ಲ. ಗುರುಮಲ್ಲಮ್ಮ ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆಯಲಿಲ್ಲ. ಗಂಗಾಧರಸ್ವಾಮಿ “ಏಯ್, ನಾಲ್ಗೆ ಬಿಗಿ ಹಿಡಿ” ಅಂದ. ಪಾತ್ರೆಯನ್ನು ಮಾತ್ರ ತರಲಿಲ್ಲ.

“ತರಾಕಿಲ್ಲ. ಯಾಕಂದ್ರೆ ನಾನೇ ಮಾಡುದ್ದು. ಸೋಮೇಶಪ್ಪಾರೆ, ನಿಮ್ ಖಾರಕ್ಕೆ ಬೆಳ್ಳುಳ್ಳಿ ಹೆಚ್ಗೆ ಬೇಕು. ಬೇರೆ ಕುಟ್ಟಿ ಇಡ್ತಿದ್ದೋಳು ನಾನು. ಪುಟ್ಟಮಲ್ಲಪ್ಪಾರ್ಗೆ ಹಲ್ಲಿಲ್ಲ, ಅವ್ರ ಹಿಟ್ಟು ಮೆತ್ಗಿರ್ಬೇಕು. ನಾನೇಯ. ನೀಲಕಂಠಪ್ಪಾರೆ, ಹೋದ್ ವರ್ಷ ನಿಮ್ಗೆ ಜ್ವರ ಬಂದಾಗ ಹದ್ನೈದ್ ದಿನ ಮೆಣಸಿನ್ ಸಾರು ಮನೆಗೆ ತರಿಸ್ಕಂಡ್ರಲ್ಲ. ಅದೂ ನಾನೇಯ. ಮೆಣಸು ಅರೆದದ್ದು, ಕುದಿಸಿದ್ದು, ರುಚಿ ನೋಡಿದ್ದು ಎಲ್ಲ ಈ ಕೈಯೇ. ನೀವು ಉಂಡ್ರಿ. ಇಲ್ಲ ಅನ್ನಾಕಿಲ್ಲ ನಾನು. ಕಾಗ್ದದಲ್ಲಿ ಬರೀಲಿ.”

ಪ್ರದೀಪ ಕಲ್ಲೆತ್ತಿದ್ದು ಕಾಣಲಿಲ್ಲ. ಅದು ಅವಳ ಹಣೆಗೆ ಬಿತ್ತು. ಎರಡನೆಯದು ಆಟೋದ ಗಾಜಿಗೆ. ನಮ್ಮ ಕೇರಿಯ ಹೆಂಗಸರು ನೆಲದಿಂದ ಎದ್ದರು. ಅವರ ಕೈಯಲ್ಲೂ ಕಲ್ಲಿತ್ತು. ಮುಂದೆ ಪುಟ್ಟಬಸಮ್ಮ, ನನ್ನ ಸೊಸೆ. ಅವಳು ಎಸೆದದ್ದು ಸುಣ್ಣ ಬಳಿದ ಗೋಡೆಗೆ ಬಿದ್ದು ಪುಡಿಯಾಯಿತು. ಆಮೇಲಿನದು ಗೋಡೆಗೆ ಬೀಳಲಿಲ್ಲ. ಬೆಂಚು ಉರುಳಿದವು. ಹೊಸ ಒಲೆಯ ಮೇಲೆ ಯಾರೋ ಬಿದ್ದರು. ಪುಟ್ಟಮಲ್ಲಪ್ಪನನ್ನು ಇಬ್ಬರು ತೋಳು ಹಿಡಿದು ಎಳೆದುಕೊಂಡು ಹೋದರು. ನೀಲಕಂಠಸ್ವಾಮಿಯ ಬಿಳಿ ಅಂಗಿ ಕೆಂಪಾಯಿತು. ಅವನ ರಕ್ತವೋ ಬೇರೆಯವರದೋ ನೋಡುವುದಕ್ಕೆ ನಾನು ನಿಲ್ಲಲಿಲ್ಲ. ಪಾಷಾ ಆಟೋ ತಿರುಗಿಸಿದ್ದ. ನಾನು ಹಿಂದೆ ಹತ್ತಿ ಮೂಗಮ್ಮನ ಹಣೆಗೆ ಟವಲು ಒತ್ತಿ ಹಿಡಿದೆ.

“ಆಸ್ಪತ್ರೆಗಾ?” ಅಂತ ಪಾಷಾ ಕೇಳಿದ.

“ಸ್ಟೇಷನ್ಗೆ” ಅಂದಳು ಮೂಗಮ್ಮ.

ಸ್ಟೇಷನ್ನಿನಲ್ಲಿ ಬರೆಯುವ ಪೊಲೀಸ್ನವನು ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಬರೆದ. ಹೆಬ್ಬೆಟ್ಟು ಒತ್ತು ಅಂದ. ಅವಳು ಕಾಗದವನ್ನು ನನ್ನ ಕಡೆ ಚಾಚಿದಳು. ನಾನು ಎರಡನೇ ಕ್ಲಾಸಿಗೆ ಬಿಟ್ಟವನು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಅರ್ಧ ಗಂಟೆ ಹಿಡಿಯಿತು. ಪೊಲೀಸ್ನವನು ಎರಡು ಸಲ ಗಡಿಯಾರ ನೋಡಿದ. ‘ಸದರಿ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ ಮಾಡಿಕೊಂಡಿದ್ದು’ ಅಂತ ಇತ್ತು.

“ಇದಲ್ಲ ಸ್ವಾಮಿ. ಅಡುಗೆ ಅಂತ ಬರೀಬೇಕು.”

“ಎರಡೂ ಒಂದೇ ಅಲ್ವೇನಜ್ಜ?”

“ಒಂದೇ ಅಲ್ಲ.”

ಅವನು ಪೆನ್ನು ಕೆಳಗಿಟ್ಟ. “ನೋಡಜ್ಜ, ಇದು ರೆಕಾರ್ಡಾದ್ರೆ ಅವರದೂ ರೆಕಾರ್ಡಾಗ್ತದೆ. ಕೊಡ್ಲಿ ವಿಷ್ಯ ಬರ್ತದೆ. ಇವತ್ತಿಲ್ಲ ನಾಳೆ ನಿನ್ನ ಕರ್ಕೊಂಡ್ ಹೋಗ್ಬೇಕಾಗ್ತದೆ.”

“ಬರ್ಕಳಿ. ಮಂಡಿ ಮುರುದದ್ದು ನಾನೇ. ಮುಂಗೈಯೂ ನಾನೇ. ಅಲಗು ತಿರುಗಿಸಿದ್ದೆ ಅಂತ ಬರೀಬ್ಯಾಡಿ. ಮೊದಲು ಅವ್ಳದ್ ಬರೀರಿ.”

ಹೊಸ ಕಾಗದ ತೆಗೆದ. ಈ ಸಲ ಪ್ರತಿ ಸಾಲೂ ನಾನು ನೋಡುತ್ತ ನಿಂತೆ. ‘ನಾಲ್ಕು ವರ್ಷಗಳಿಂದ ಅಡುಗೆ ಕೆಲಸ ಮಾಡಿಕೊಂಡಿದ್ದು, ಗ್ರಾಮದವರೆಲ್ಲರೂ ಊಟ ಮಾಡುತ್ತಿದ್ದು.’ ಓದಿ ಹೇಳಿದೆ. ಮೂಗಮ್ಮ ಇನ್ನೊಂದು ಸಲ ಓದಿಸಿದಳು. ಶಾಯಿ ಬೇಡ, ಬೆರಳಲ್ಲಿ ರಕ್ತ ಇದೆಯಲ್ಲ ಅಂದಳು. ಪೊಲೀಸ್ನವನು ಅವಳ ಬೆರಳನ್ನು ಒರೆಸಿ ಶಾಯಿಗೇ ಒತ್ತಿಸಿದ.

ಗುರುವಾರ ಬೆಳಗ್ಗೆ ಗಂಗಾಧರಸ್ವಾಮಿಯೂ ಗುರುಮಲ್ಲಮ್ಮನೂ ಹೋಟ್ಲಿಗೆ ಬೀಗ ಹಾಕಿ ಉಡಿಗಾಲದ ನೆಂಟರ ಮನೆಗೆ ಹೋದರು. ಸೋಮೇಶನನ್ನೂ ಪ್ರದೀಪನನ್ನೂ ಯಾರೂ ಕರೆದುಕೊಂಡು ಹೋಗಲಿಲ್ಲ. ಒಬ್ಬನ ಕಾಲು ಕೂಡಲಿ ಅಂದರು. ಇನ್ನೊಬ್ಬ ಊರಲ್ಲಿಲ್ಲ ಅಂದರು. ಶುಕ್ರವಾರ ಹತ್ತು ಗಂಟೆಗೆ ಕೇರಿಗೆ ಜೀಪು ಬಂತು. ನಾನು ಅಂಗಿ ಹಾಕಿಕೊಂಡೇ ಕೂತಿದ್ದೆ. ಯಾರೂ ಎಳೆಯಬೇಕಾಗಲಿಲ್ಲ. ಸಂಜೆ ಜಡ್ಜ್ ಮುಂದೆ ನಿಲ್ಲಿಸಿ ಚಾಮರಾಜನಗರದ ಜೈಲಿಗೆ ಕಳಿಸಿದರು. ಆ ಶುಕ್ರವಾರ ನಮ್ಮೂರಿನಿಂದ ಹೋದವನು ನಾನೊಬ್ಬನೇ.